ತೊಡದ ತೊಡವು

ಬೆಲೆಯಿಲ್ಲದ ವಸ್ತುವಿನ ಮಾತು ಬಂದಾಗ 'ಕವಡೆ ಕಾಸಿನ ಕಿಮ್ಮತ್ತೂ ಇಲ್ಲ' ಎಂದುಬಿಡುವುದು ನಮ್ಮ ರೂಢಿ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಕವಡೆಯೂ ಚಿಲ್ಲರೆ ಹಣವಾಗಿ ಚಲಾವಣೆಯಲ್ಲಿತ್ತು. ಲೋಹದ ನಾಣ್ಯ ಅದನ್ನು ಸಂತೆಯಿಂದ ಹೊರಕ್ಕೆ ತಳ್ಳಿದ ಮೇಲೆ ಅದು ಪಗಡೆ, ಚೌಕಾಬಾರಗಳ ಮನೆಗೂ ಗಾದೆಯ ಬಾಯಿಗೂ ಬಂದು ಸೇರಿತು. ಕಡಲಚಿಪ್ಪನ್ನು ಹೀಗೆ ಹಗುರವಾಗಿ ಕಾಣುವ ಅಭ್ಯಾಸವಿರುವ ನಮಗೆ, ಒಂದು ಚಿಪ್ಪಿನ ಬಳೆಗಾಗಿ ಹಾಯಿದೋಣಿ ಹೂಡಿ ತೆರೆದ ಕಡಲನ್ನು ದಾಟುವ ಜನರಿದ್ದಾರೆ, ಆ ಬಳೆಗೆ ಹೆಸರುಂಟು, ಚರಿತ್ರೆಯುಂಟು, ಆದರೆ ಅದನ್ನು ತೋಳಿಗೆ ಏರಿಸುವವರು ಮಾತ್ರ ಇಲ್ಲವೆನ್ನುವಷ್ಟು ವಿರಳ ಎಂದು ಯಾರಾದರೂ ಹೇಳಿದರೆ ಮೊದಲು ನಗು ಬರುವುದು ಸಹಜವೇ. ಆ ನಗುವನ್ನು ಗಂಭೀರವಾದ ವಿಚಾರವನ್ನಾಗಿ ಮಾರ್ಪಡಿಸಿದ ಪುಸ್ತಕವೊಂದಿದೆ: ಬ್ರಾನಿಸ್ಲಾವ್ ಮಲಿನೋವ್ಸ್ಕಿ ೧೯೨೨ರಲ್ಲಿ ಪ್ರಕಟಿಸಿದ 'ಆರ್ಗೊನಾಟ್ಸ್ ಆಫ್ ದಿ ವೆಸ್ಟರ್ನ್ ಪೆಸಿಫಿಕ್'.

ಈ ಗ್ರಂಥಕ್ಕೆ ನೂರು ವರ್ಷ ತುಂಬಿಹೋಗಿದೆ. ಮಾನವಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಇಂದಿಗೂ ಓದುತ್ತಾರೆ. ಅದು ಅವರ ಪಾಠಪಟ್ಟಿಗೆ ಸೇರಿದ ವಿಷಯ. ಸಾಹಿತ್ಯದ ಓದುಗನಿಗೆ ಇದರಿಂದ ಆಗಬೇಕಾದದ್ದೇನು ಎಂಬುದು ನನ್ನ ಪ್ರಶ್ನೆ. ಆಭರಣದ ಅರ್ಥವೆಲ್ಲಿದೆ, ಚಿಪ್ಪಿನಲ್ಲಿಯೆ, ಅದನ್ನು ಧರಿಸುವ ಮೈಯಲ್ಲಿಯೆ, ಅಥವಾ ಬೇರೆಲ್ಲಾದರೂ ಇದೆಯೆ ಎಂಬುದನ್ನು ಈ ಪುಸ್ತಕದಷ್ಟು ತಾಳ್ಮೆಯಿಂದ ವಿಚಾರಿಸಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ. ಅದೇ ಪ್ರಶ್ನೆಯ ಅರ್ಧವನ್ನು ತನ್ನ ಕಣ್ಣೆದುರಿಗೇ ಇಟ್ಟುಕೊಂಡು ಕಾಣದೆ ಹೋದ ಪುಸ್ತಕವೂ ಇದೇ. ಈ ಎರಡು ಮಾತುಗಳನ್ನು ಒಟ್ಟಿಗೆ ಹೇಳದ ಹೊರತು ಇದರ ವಿಮರ್ಶೆ ನ್ಯಾಯವಾಗದು.

ಮೊದಲು ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. ನ್ಯೂ ಗಿನಿಯ ಪೂರ್ವದ ತುದಿಯಾಚೆ ಕಡಲಲ್ಲಿ ಚೆಲ್ಲಿದಂತೆ ಹಲವು ದ್ವೀಪಗಳಿವೆ. ಈಗ ಅವು ಪಾಪುವಾ ನ್ಯೂ ಗಿನಿ ದೇಶದ ಮಿಲ್ನ್ ಬೇ ಪ್ರಾಂತಕ್ಕೆ ಸೇರಿವೆ. ಉತ್ತರಕ್ಕೆ ಹವಳದ ಮಟ್ಟಸವಾದ ಟ್ರೋಬ್ರಿಯಾಂಡ್ ದ್ವೀಪಗಳು. ಅವುಗಳ ದಕ್ಷಿಣಕ್ಕೆ ಮಡಕೆ ಮಾಡುವವರ ಆಂಫ್ಲೆಟ್ ದ್ವೀಪಗಳು. ಇನ್ನೂ ಕೆಳಗೆ ಬೆಂಕಿಬೆಟ್ಟಗಳಿಂದ ಹುಟ್ಟಿದ ಡೋಬು. ಪೂರ್ವಕ್ಕೆ ಕಿಟಾವಾ, ಗಾವಾ, ಮುಯುವ. ಈ ದ್ವೀಪಗಳವರ ಭಾಷೆ ಬೇರೆ, ಬೆಳೆ ಬೇರೆ, ಕಸುಬು ಬೇರೆ. ಆದರೂ ಎರಡು ಬಗೆಯ ಆಭರಣಗಳು ಇವರೆಲ್ಲರನ್ನೂ ಒಂದು ದೊಡ್ಡ ವರ್ತುಲದಲ್ಲಿ ಕಟ್ಟಿಹಾಕಿವೆ. ಆ ವರ್ತುಲದ ವ್ಯವಹಾರಕ್ಕೇ 'ಕೂಲಾ' ಎಂದು ಹೆಸರು. ನಮ್ಮ 'ಕುಲ' ಶಬ್ದಕ್ಕೂ ಇದಕ್ಕೂ ನಂಟಿಲ್ಲ.

ಒಂದು ಆಭರಣ 'ಮ್ವಾಲಿ'. ಶಂಕುವಿನಾಕಾರದ ದೊಡ್ಡ ಚಿಪ್ಪೊಂದರ ನೆತ್ತಿಯನ್ನೂ ಕಿರಿದಾದ ತುದಿಯನ್ನೂ ಒಡೆದು ತೆಗೆದು, ಉಳಿದ ಬಿಳಿಯ ಉಂಗುರವನ್ನು ನಯಮಾಡಿದರೆ ತೋಳ್ಬಳೆಯಾಗುತ್ತದೆ. ಇನ್ನೊಂದು 'ಸೌಲವ'. ಕೆಂಪು ಚಿಪ್ಪನ್ನು ಸಣ್ಣ ಚೂರುಗಳಾಗಿ ಒಡೆದು, ಮರಳುಗಲ್ಲಿನ ಮೇಲೆ ತೇಯ್ದು, ತೂತು ಕೊರೆದು, ತೆಳುಬಿಲ್ಲೆಗಳಾಗಿ ಪೋಣಿಸಿದ ಸರ ಅದು. ಎರಡರಿಂದ ಐದು ಮೀಟರುಗಳವರೆಗೂ ಉದ್ದವಿರುತ್ತದೆ. ಕೆಂಪು ಸರಗಳು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗುತ್ತವೆ. ಬಿಳಿಯ ಬಳೆಗಳು ಅದಕ್ಕೆ ಎದುರು ದಿಕ್ಕಿನಲ್ಲಿ. ಸರ ಬಂದ ಕಡೆಗೆ ಬಳೆ ಹೋಗಬೇಕು, ಬಳೆ ಬಂದ ಕಡೆಗೆ ಸರ ಹೋಗಬೇಕು. ಸರಕ್ಕೆ ಸರ, ಬಳೆಗೆ ಬಳೆ ಎಂಬ ವಿನಿಮಯವಿಲ್ಲ. ಒಂದು ಒಡವೆ ಸುತ್ತನ್ನು ಮುಗಿಸಿ ಹೊರಟಲ್ಲಿಗೇ ಬರಲು ಎರಡರಿಂದ ಹತ್ತು ವರ್ಷ ಹಿಡಿಯುತ್ತದೆಂದು ಮಲಿನೋವ್ಸ್ಕಿ ಲೆಕ್ಕ ಹಾಕುತ್ತಾನೆ.

ಆಶ್ಚರ್ಯವಿರುವುದು ಈ ಲೆಕ್ಕದಲ್ಲಲ್ಲ. ಈ ಆಭರಣಗಳು ಆಭರಣಗಳಾಗಿ ಬಳಕೆಯಾಗುವುದಿಲ್ಲ ಎಂಬುದರಲ್ಲಿ. ಬಳೆಗಳಲ್ಲಿ ಬಹುಪಾಲು ಮಕ್ಕಳ ತೋಳಿಗೂ ಏರದಷ್ಟು ಚಿಕ್ಕವು. ದೊಡ್ಡವು, ಬೆಲೆಯುಳ್ಳವು, ಮಹಾ ಉತ್ಸವದ ದಿನ ಪ್ರಮುಖನಾದವನೊಬ್ಬನ ತೋಳಿನಲ್ಲಿ ಹತ್ತು ವರ್ಷಕ್ಕೊಮ್ಮೆ ಕಂಡರೆ ಉಂಟು. ಸರಗಳ ಗತಿಯೂ ಹೆಚ್ಚುಕಡಿಮೆ ಇದೇ. ತೊಡುವುದಕ್ಕಲ್ಲವಾದರೆ ಕೂಡಿಡುವುದಕ್ಕೆಂದಾದರೂ ಹೇಳೋಣವೆಂದರೆ ಅದೂ ಸಲ್ಲದು. ಕೈಗೆ ಬಂದದ್ದನ್ನು ವರ್ಷ ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡವನನ್ನು ಜನ ಜಿಪುಣನೆಂದು ಆಡಿಕೊಳ್ಳುತ್ತಾರೆ. ಹಾಗಾದರೆ ಇದು ಏನು? ಕೆಲವು ಕಾಲ ತನ್ನ ಬಳಿ ಇಟ್ಟುಕೊಳ್ಳುವುದು, ಬಂದವರಿಗೆ ತೋರಿಸುವುದು, ಇದು ಯಾರಿಂದ ಬಂತು, ಮುಂದೆ ಯಾರಿಗೆ ಹೋಗುತ್ತದೆ, ಹಿಂದೆ ಯಾರು ಯಾರು ಇದಕ್ಕಾಗಿ ಹಂಬಲಿಸಿದರು ಎಂದು ಹೇಳುವುದು, ಆಮೇಲೆ ಬಿಟ್ಟುಕೊಡುವುದು. ಶ್ರೇಷ್ಠವಾದ ಒಡವೆಗಳಿಗೆ ಅಂಕಿತನಾಮಗಳಿವೆ. ಅಂಥದ್ದೊಂದು ಒಡವೆ ಯಾವುದೋ ಊರಿಗೆ ಬಂದಿದೆಯೆಂಬ ಸುದ್ದಿ ಅದಕ್ಕಿಂತ ಮುಂಚೆ ಕಡಲು ದಾಟುತ್ತದೆ.

ಕೊಡುವ ರೀತಿಯೂ ಗಮನಿಸತಕ್ಕದ್ದು. ಸಂತೆಯ ವ್ಯಾಪಾರಕ್ಕೆ ಆ ಜನರಲ್ಲಿ 'ಗಿಮ್ವಾಲಿ' ಎಂಬ ಬೇರೆಯೇ ಶಬ್ದವಿದೆ. ಅಲ್ಲಿ ಚೌಕಾಶಿ ಮಾಡಬಹುದು, ಜಗಳವಾಡಬಹುದು. ಕೂಲಾದಲ್ಲಿ ಚೌಕಾಶಿ ನಿಷಿದ್ಧ. ಯಾವನಾದರೂ ಕೂಲಾವನ್ನು ಗಿಮ್ವಾಲಿಯಂತೆ ಮಾಡುತ್ತಾನೆ ಎಂದು ಆಡಿದರೆ ಅದಕ್ಕಿಂತ ಕೀಳಾದ ನಿಂದೆ ಇಲ್ಲ. ಕೊಡುವವನು ತನ್ನ ಅಮೂಲ್ಯವಾದ ಒಡವೆಯನ್ನು ತಿರಸ್ಕಾರದಿಂದ, ಕೋಪಗೊಂಡವನಂತೆ ಬಿಸುಡುತ್ತಾನೆ. ಪಡೆಯುವವನು ಅಷ್ಟೇ ಉದಾಸೀನನಾಗಿ ನಿಂತಿರುತ್ತಾನೆ. ನಡುವೆ ಶಂಖ ಊದುತ್ತಾರೆ. ಇಬ್ಬರಿಗೂ ಎದೆ ಡವಗುಟ್ಟುತ್ತಿರುತ್ತದೆ, ಇಬ್ಬರೂ ಅದನ್ನು ತೋರಗೊಡುವುದಿಲ್ಲ. ಸರಿಸಮವಾದ ಪ್ರತಿದಾನ ಬರುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅನಂತರ. ಅದನ್ನು ವಸೂಲು ಮಾಡಲು ಪಂಚಾಯಿತಿಯಿಲ್ಲ, ಕೋರ್ಟಿಲ್ಲ. ಕೊಟ್ಟವನಿಗೆ ಇರುವ ಆಧಾರ ಪಡೆದವನ ಮಾನವೊಂದೇ.

ಹಾಗಾದರೆ ಕೊಡುಗೆಯಲ್ಲಿ ಸಿಕ್ಕುವುದು ಬರಿಯ ಒಡವೆಯಲ್ಲ, ಒಬ್ಬ ಮನುಷ್ಯ. ಸಾಮಾನ್ಯನಿಗೆ ಕೂಲಾದ ಜೊತೆಗಾರರು ಕೆಲವರೇ. ಮುಖಂಡನಿಗೆ ನೂರಾರು ಮಂದಿ. ಮಾಟಗಾರರ ನಾಡೆಂದು ಟ್ರೋಬ್ರಿಯಾಂಡಿನವರು ಹೆದರುವ ಡೋಬುವಿನಲ್ಲಿ ಕಾಲಿಟ್ಟವನಿಗೆ ಅನ್ನ, ಆಶ್ರಯ, ಅಭಯ ಕೊಡುವವನು ಅಲ್ಲಿಯ ಅವನ ಜೊತೆಗಾರ. ಕಡಲಿನಾಚೆಯ ಭಯದ ನಡುವೆ ಒಂದು ಮನೆಯನ್ನು ತೆರೆಸುವ ಶಕ್ತಿ ಈ ಚಿಪ್ಪಿಗಿದೆ.

* * *

ಇಷ್ಟನ್ನು ಹೇಳಲು ಒಂದು ಸಣ್ಣ ಲೇಖನ ಸಾಕಾಗಿತ್ತು. ಮಲಿನೋವ್ಸ್ಕಿ ಐನೂರು ಪುಟಗಳಿಗೂ ಮಿಕ್ಕಿ ಬರೆದ. ಪುಸ್ತಕದ ಗುಣ ಕಾಣಬರುವುದು ಇಲ್ಲಿಯೇ.

೧೮೮೪ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಹುಟ್ಟಿದ ಈತ ೧೯೧೪ರಲ್ಲಿ ಪಾಪುವಾ ಸೀಮೆಗೆ ಬಂದ. ಮೊದಲನೆಯ ಮಹಾಯುದ್ಧದ ದಿನಗಳು. ಆಸ್ಟ್ರಿಯದ ಪ್ರಜೆಯಾದ್ದರಿಂದ ಆಸ್ಟ್ರೇಲಿಯದ ಆಡಳಿತಕ್ಕೆ ಇವನು ಶತ್ರುದೇಶದವನು. ಆದರೂ ಅನುಮತಿ ಪಡೆದು ೧೯೧೫-೧೬ರಲ್ಲೊಮ್ಮೆ, ೧೯೧೭-೧೮ರಲ್ಲಿ ಮತ್ತೊಮ್ಮೆ ಟ್ರೋಬ್ರಿಯಾಂಡಿನಲ್ಲಿ ನೆಲಸಿದ. ಒಮರಕಾನ ಎಂಬ ಹಳ್ಳಿಯಲ್ಲಿ, ಮುಖಂಡ ತೊಉಲುವನ ಮನೆಯ ಹತ್ತಿರ, ಗುಡಿಸಲುಗಳ ನಡುವೆಯೇ ತನ್ನ ಡೇರೆಯನ್ನು ಹೂಡಿ ಅವರ ಮಾತನ್ನು ಕಲಿತ. ಅಲ್ಲಿಯವರೆಗಿನ ಅನೇಕ ಪಂಡಿತರು ಜಗಲಿಯ ಕುರ್ಚಿಯಲ್ಲಿ ಕುಳಿತು ದುಭಾಷಿಯ ಮೂಲಕ ಜನರನ್ನು ವಿಚಾರಿಸಿಕೊಂಡು ಹೋದವರು. ಇವನು ಜಗಲಿ ಇಳಿದು ಅಂಗಳಕ್ಕೆ ಬಂದ.

ಪುಸ್ತಕದ ಆರಂಭದಲ್ಲೇ ಅವನು ಓದುಗನನ್ನು ಕರೆದುಕೊಂಡು ಹೋಗಿ, ಗುರುತಿಲ್ಲದ ಕಡಲ ದಂಡೆಯೊಂದರಲ್ಲಿ ಒಬ್ಬಂಟಿಯಾಗಿ ಇಳಿಸಿಬಿಡುತ್ತಾನೆ. ಅಲ್ಲಿಂದ ಮುಂದೆ ವಿಷಯ ಶಾಸ್ತ್ರದ ವಿಂಗಡಣೆಯಂತೆ ಸಾಗುವುದಿಲ್ಲ, ಯಾತ್ರೆಯಂತೆ ಸಾಗುತ್ತದೆ. ಮರ ಕಡಿಯುವುದು, ಮರದಲ್ಲಿರುವ ಭೂತವನ್ನು ಹೊರಗಟ್ಟುವುದು, ದೋಣಿಯನ್ನು ಕೊರೆಯುವುದು, ಮೂತಿಯ ಹಲಗೆಗೆ ಚಿತ್ತಾರ ಕೆತ್ತುವುದು, ಹಾಯಿ ಹೊಲಿಯುವುದು, ನೀರಿಗಿಳಿಸುವುದು. ಸಿನಕೇಟ ಎಂಬ ಊರಿನಿಂದ ಹೊರಟು ಆಂಫ್ಲೆಟ್ ದ್ವೀಪಗಳನ್ನು ಹಾಯ್ದು ಡೋಬು ಸೇರುವುದು. ನಡುವೆ ಬಿರುಗಾಳಿಯ ಭಯ, ಹಾರುವ ಮಾಟಗಾತಿಯರ ಭಯ. ವಸ್ತುತಃ ಇದು ಅವನು ಒಂದೇ ದೋಣಿಯಲ್ಲಿ ಕುಳಿತು ಆದಿಯಿಂದ ಅಂತ್ಯದವರೆಗೆ ಕಂಡ ಯಾತ್ರೆಯಲ್ಲ. ಬೇರೆ ಬೇರೆ ಕಡೆ ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸಿ ಹೆಣೆದ ಯಾತ್ರೆ. ಶಾಸ್ತ್ರಕಾರರು ಇದನ್ನು ದೋಷವೆಂದಾರು. ನಾನು ಹಾಗೆನ್ನಲಾರೆ. ಚಲಿಸುತ್ತಿರುವಾಗ ಮಾತ್ರ ಅರ್ಥವಿರುವ ವಸ್ತುವನ್ನು ಕುರಿತು ಬರೆಯುವವನು ಬರವಣಿಗೆಯನ್ನೂ ಚಲಿಸುವಂತೆ ಮಾಡಬೇಕಾಗುತ್ತದೆ. ಕೂಲಾದ ನಿಯಮಗಳನ್ನು ಕ್ರಮಸಂಖ್ಯೆ ಹಾಕಿ ಬರೆದಿದ್ದರೆ ಅವು ನಮ್ಮ ತಲೆಗೆ ಹತ್ತುತ್ತಿದ್ದವೇ ಹೊರತು ಆ ಮನುಷ್ಯರ ಆಸೆ ನಮಗೆ ತಟ್ಟುತ್ತಿರಲಿಲ್ಲ.

ಡೋಬುವಿನ ದಡ ಮುಟ್ಟುವ ಮುಂಚೆ ಯಾತ್ರಿಕರು ಸರುಬ್ವೋಯ್ನ ಎಂಬ ಕಡಲಂಚಿನಲ್ಲಿ ಇಳಿಯುವ ಸಂದರ್ಭವನ್ನು ನೋಡಿ. ಅಲ್ಲಿ ಅವರು ಮೀಯುತ್ತಾರೆ, ಮೈಗೆ ತೆಂಗಿನೆಣ್ಣೆ ಹಚ್ಚುತ್ತಾರೆ, ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾರೆ; ಒಂದೊಂದು ಕ್ರಿಯೆಗೂ ಒಂದೊಂದು ಮಂತ್ರ. ತಾವು ಚೆಲುವರಾಗಿ ಕಾಣಬೇಕು, ಜೊತೆಗಾರನ ಮನಸ್ಸು ಕರಗಬೇಕು, ಅವನು ಒಡವೆಯನ್ನು ಬಿಟ್ಟುಕೊಡಬೇಕು. ಅಂದರೆ ಒಡವೆ ತೊಟ್ಟು ಸುಂದರರಾಗುವುದಿಲ್ಲ; ಸುಂದರರಾಗಿ ಒಡವೆಯನ್ನು ಪಡೆಯುತ್ತಾರೆ. ಅಲಂಕಾರದ ವಿಷಯದಲ್ಲಿ ನಾವು ತಿಳಿದುಕೊಂಡಿರುವ ಕಾರ್ಯಕಾರಣಗಳು ಇಲ್ಲಿ ತಲೆಕೆಳಗಾಗಿವೆ. ಮಲಿನೋವ್ಸ್ಕಿ ಈ ದೃಶ್ಯವನ್ನು ಕುತೂಹಲದ ಸರಕನ್ನಾಗಿ ಮಾಡುವುದಿಲ್ಲ. ಸಭೆಗೆ ಹೋಗುವ ಮುಂಚೆ ಯಾರಿಗಾದರೂ ಆಗುವ ಅಳುಕು ಅಲ್ಲಿ ಕಾಣುವಂತೆ ಬರೆಯುತ್ತಾನೆ.

ಅವನು ಕೊಡುವ ಪುರಾಣಗಳಲ್ಲಿ ಒಂದು ನನ್ನ ಮನಸ್ಸಿನಲ್ಲಿ ನಿಂತಿದೆ. ಮುದುಕನೊಬ್ಬ, ಮೈಯೆಲ್ಲ ಹುಣ್ಣು. ಕೂಲಾಕ್ಕೆ ಹೋದಲ್ಲಿ ತನ್ನ ಮುದಿಚರ್ಮವನ್ನು ಕಳಚಿಟ್ಟು ತರುಣನಾಗಿ ನಿಲ್ಲುತ್ತಾನೆ. ಬೇರೆಯವರಿಗೆ ಒಲಿಯದ ಪ್ರಖ್ಯಾತವಾದ ಸರವೊಂದು ಅವನಿಗೆ ಒಲಿಯುತ್ತದೆ. ಅದನ್ನವನು ತಲೆಗೂದಲಲ್ಲಿ ಅಡಗಿಸಿಕೊಳ್ಳುತ್ತಾನೆ. ಗುಟ್ಟು ಬಯಲಾಗುತ್ತದೆ, ತನ್ನವರೇ ಅಸೂಯೆಯಿಂದ ಅವನನ್ನು ದ್ವೀಪವೊಂದರಲ್ಲಿ ಒಂಟಿಯಾಗಿ ಬಿಟ್ಟು ದೋಣಿ ಹೂಡಿ ಹೋಗುತ್ತಾರೆ. ಯೌವನ ಪಡೆದವನು, ಸರ ಪಡೆದವನು, ಆದರೆ ಮನುಷ್ಯರನ್ನು ಕಳೆದುಕೊಂಡವನು. ಈ ಕಥೆಗೆ ಮಲಿನೋವ್ಸ್ಕಿ ಬರೆದ ವ್ಯಾಖ್ಯಾನ ಚೆಲುವಿನ ಮಂತ್ರದ ಸುತ್ತ ನಿಲ್ಲುತ್ತದೆ. ನನಗೆ ತೋರುವುದು ಬೇರೆ: ಅಡಗಿಸಿಟ್ಟ ಒಡವೆ ಒಡೆಯನನ್ನು ಒಂಟಿ ಮಾಡುತ್ತದೆ. ತೋರಿಸಿ, ಹೆಸರು ಹೇಳಿ, ದಾಟಿಸಬೇಕಾದದ್ದನ್ನು ಕೂದಲಲ್ಲಿ ಮುಚ್ಚಿಟ್ಟದ್ದೇ ಅನಾಹುತದ ಮೊದಲು.

ಮಂತ್ರಗಳನ್ನು ಅನುವಾದಿಸುವಲ್ಲಿ ಅವನು ತೋರಿಸಿರುವ ಪ್ರಾಮಾಣಿಕತೆಯನ್ನು ಭಾಷೆಯ ಅಧ್ಯಾಪಕನಾದ ನಾನು ವಿಶೇಷವಾಗಿ ಮೆಚ್ಚುತ್ತೇನೆ. ಮೂಲದ ನುಡಿ, ಅದರ ಕೆಳಗೆ ಪದಕ್ಕೆ ಪದ, ಅನಂತರ ಸ್ವತಂತ್ರವಾದ ಅನುವಾದ. ಅರ್ಥವಾಗದ ಪದವನ್ನು ಅರ್ಥವಾಗದ್ದೆಂದೇ ಒಪ್ಪಿಕೊಳ್ಳುತ್ತಾನೆ. ಮತ್ತೆ ಮತ್ತೆ ಬರುವ ಮಾತನ್ನು ಇಂಗ್ಲಿಷ್ ಓದುಗನಿಗೆ ಬೇಸರವಾದೀತೆಂದು ಕತ್ತರಿಸುವುದಿಲ್ಲ. ಮಂತ್ರದಲ್ಲಿ ಪುನರುಕ್ತಿ ದೋಷವಲ್ಲ, ಅದೇ ಅದರ ಬಲ ಎಂದು ನಮಗೆ ಗೊತ್ತು. ಅದನ್ನು ಗೌರವಿಸಿದ ಪರದೇಶಿ ಪಂಡಿತನನ್ನು ಮೆಚ್ಚದಿರುವುದು ಹೇಗೆ?

* * *

ಇನ್ನು ಆಕ್ಷೇಪಗಳು. ಮೊದಲನೆಯದು ಹೆಸರಿನ ಮೇಲೆ. ಆರ್ಗೊನಾಟರು ಗ್ರೀಕ್ ಕಥೆಯ ವೀರರು. 'ಆರ್ಗೋ' ಎಂಬ ಹಡಗನ್ನೇರಿ ಹೊನ್ನಿನ ತುಪ್ಪಟವನ್ನು ತರಲು ಹೋದವರು. ಅವರ ನಾಯಕನಾದ ಜೇಸನ್ ಅದನ್ನು ತಂದ, ಮರಳಿ ಕೊಡಲಿಲ್ಲ. ಕೊಡಬೇಕೆಂಬ ಯೋಚನೆಯೂ ಆ ಕಥೆಯಲ್ಲಿಲ್ಲ. ಕೂಲಾದವರು ಬರಿಗೈಯಲ್ಲಿ ಹೋಗಿ ಪಡೆದು ಬರುತ್ತಾರೆಂಬುದು ನಿಜ; ಆದರೆ ಅದು ತಮ್ಮ ಸರದಿ ಬಂದಾಗ ಮನೆಯಲ್ಲಿ ಕುಳಿತು ಕೊಡುವುದಕ್ಕಾಗಿ. ಕೊಳ್ಳೆಯ ಕಥೆಯ ಹೆಸರನ್ನು ಕೊಡುಗೆಯ ಕಥೆಗೆ ಇಟ್ಟದ್ದರಿಂದ ಯುರೋಪಿನ ಓದುಗನಿಗೆ ಪುಸ್ತಕ ಹತ್ತಿರವಾಯಿತು, ವಸ್ತು ದೂರವಾಯಿತು. ಇನ್ನೂ ಒಂದು ಮಾತಿದೆ. ಗ್ರೀಕ್ ಕಥೆಯಲ್ಲಿ ಮೀಡಿಯ ಎಂಬ ಹೆಣ್ಣಿನ ನೆರವಿಲ್ಲದೆ ಜೇಸನ್ನನಿಗೆ ಏನೂ ದಕ್ಕುತ್ತಿರಲಿಲ್ಲ. ಮಲಿನೋವ್ಸ್ಕಿ ಹೆಸರನ್ನು ಎರವಲು ತಂದ, ಮೀಡಿಯಳನ್ನು ಅಲ್ಲಿಯೇ ಬಿಟ್ಟುಬಂದ. ಇದು ಬರಿಯ ಚಮತ್ಕಾರದ ಮಾತಲ್ಲವೆಂಬುದು ಮುಂದೆ ತಿಳಿದೀತು.

ಎರಡನೆಯದು ಒಂದು ಹೋಲಿಕೆಯ ಮೇಲೆ. ದಕ್ಷಿಣ ಸಾಗರದಿಂದ ಹಿಂತಿರುಗಿದ ಮೇಲೆ ಅವನು ಎಡಿನ್‌ಬರೋ ಕೋಟೆಗೆ ಹೋಗಿ ಸ್ಕಾಟ್ಲೆಂಡಿನ ರಾಜರ ಆಭರಣಗಳನ್ನು ನೋಡಿದ. ಕಾವಲಿನವನು ಅವುಗಳ ಚರಿತ್ರೆಯನ್ನು ಹೇಳುತ್ತಿದ್ದಾಗ, ದ್ವೀಪದ ಹಳ್ಳಿಯೊಂದರಲ್ಲಿ ಚಿಪ್ಪಿನ ಸರವನ್ನು ಹಿಡಿದು ಇದೇ ರೀತಿ ಕಥೆ ಹೇಳಿದವರ ನೆನಪು ಅವನಿಗೆ ಬಂತು. ರೂಪದಿಂದಲ್ಲ, ಉಪಯೋಗದಿಂದಲ್ಲ, ಚರಿತ್ರೆಯಿಂದ ಎರಡಕ್ಕೂ ಬೆಲೆ ಎಂದು ಅವನ ಅಭಿಪ್ರಾಯ. ಅನಾಗರಿಕರೆಂದು ಹೀಗಳೆಯಲ್ಪಟ್ಟ ಜನರನ್ನೂ ಯುರೋಪಿನ ಅರಸರನ್ನೂ ಒಂದೇ ತಕ್ಕಡಿಯಲ್ಲಿಟ್ಟ ಧೈರ್ಯ ದೊಡ್ಡದು. ಕೂಲಾದ ಒಡೆತನ ತಾತ್ಕಾಲಿಕ, ಪಂದ್ಯದಲ್ಲಿ ಗೆದ್ದ ಪಾರಿತೋಷಕದಂತೆ ಎಂದು ಅವನೇ ತಿದ್ದುಪಡಿಯನ್ನೂ ಸೇರಿಸುತ್ತಾನೆ. ಆದರೆ ತಿದ್ದುಪಡಿಯಿಂದಲೂ ಹೋಲಿಕೆ ಸರಿಹೋಗುವುದಿಲ್ಲ. ಕಿರೀಟ ಕೋಟೆಯೊಳಗಿದ್ದರೆ ಭದ್ರ, ಚಿಪ್ಪು ಕೋಟೆಯೊಳಗಿದ್ದರೆ ನಿರರ್ಥಕ. ಕಿರೀಟಕ್ಕೆ ಚರಿತ್ರೆ ಮುಗಿದಿದೆ. ಚಿಪ್ಪಿಗೆ ಮುಂದಿನ ಕೈಯೇ ಚರಿತ್ರೆ. ಪಾರಿತೋಷಕವನ್ನು ಗೆಲ್ಲುವುದಕ್ಕೆ ಇನ್ನೊಬ್ಬನನ್ನು ಸೋಲಿಸಬೇಕು. ಇಲ್ಲಿ ಕೊಟ್ಟವನೇ ದೊಡ್ಡವನು.

ಮೂರನೆಯ ಆಕ್ಷೇಪವೇ ಮುಖ್ಯವಾದದ್ದು. ಚಿಪ್ಪಿನ ಒಡವೆಗಳ ಅತ್ಯಂತ ಗಂಭೀರವಾದ ವಿನಿಯೋಗವನ್ನು ಮಲಿನೋವ್ಸ್ಕಿ ಪುಸ್ತಕದ ಕೊನೆಯ ಹೊತ್ತಿಗೆ ಹೇಳುತ್ತಾನೆ. ಮನುಷ್ಯನು ಸಾವಿನ ಹಾಸಿಗೆಯಲ್ಲಿರುವಾಗ ಈ ಒಡವೆಗಳನ್ನು ತಂದು ಅವನ ಮೈಮೇಲೆ ಇರಿಸುತ್ತಾರೆ, ಹೊಟ್ಟೆಗೆ ತೀಡುತ್ತಾರೆ. ಅದರಿಂದ ಸಾಯುವವನಿಗೆ ಸಮಾಧಾನ. ಸತ್ತ ಮೇಲೆಯೂ ಹೆಣಕ್ಕೆ ಒಡವೆ ತೊಡಿಸಿ, ಹೂಳುವ ಮುಂಚೆ ತೆಗೆದುಬಿಡುತ್ತಾರೆ. ಬದುಕಿನುದ್ದಕ್ಕೂ ತೊಡದ ತೊಡವು ಮೈಗೆ ತಾಗುವುದು ಆಗ. ಎಂಥ ಸನ್ನಿವೇಶ! ಇಲ್ಲಿ ಅವನು ಕೇಳಲೇಬೇಕಾಗಿದ್ದ ಪ್ರಶ್ನೆ ಒಂದಿತ್ತು: ಈ ಸಾವಿನ ಮನೆಯಲ್ಲಿ ಮುಂದೆ ಯಾರು, ಯಾರಿಗೆ, ಏನನ್ನು ಕೊಡುತ್ತಾರೆ? ಅದನ್ನು ಕೇಳಿದ್ದರೆ ಅವನ ಕಣ್ಣು ಕಡಲ ಕಡೆಯಿಂದ ಅಂಗಳದ ಕಡೆಗೆ, ಗಂಡಸರ ದೋಣಿಯಿಂದ ಹೆಂಗಸರ ಬುಟ್ಟಿಯ ಕಡೆಗೆ ತಿರುಗುತ್ತಿತ್ತು. ಅದು ಆಗಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವಳು ಅನೆಟ್ ವೈನರ್ ಎಂಬ ಅಮೆರಿಕದ ವಿದ್ವಾಂಸೆ. ೧೯೭೧ರಲ್ಲಿ ಆಕೆ ಒಮರಕಾನಕ್ಕೆ ಹತ್ತಿರವೇ ಇರುವ ಕ್ವೈಬ್ವಗ ಎಂಬ ಹಳ್ಳಿಯಲ್ಲಿ ನೆಲಸಿದಾಗ, ಬಂದ ಹೊಸದರಲ್ಲೇ ಹೆಂಗಸರು ಆಕೆಯನ್ನು ಸಾವಿನ ವಿಧಿಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹೆಂಗಸರು ಒಣಗಿದ ಬಾಳೆಯೆಲೆಯ ಕಟ್ಟುಗಳನ್ನು ಅಂಗಳದ ನಡುವೆ ರಾಶಿ ರಾಶಿಯಾಗಿ ಹಾಕಿ ಹಂಚುತ್ತಿದ್ದರು. ಬಾಳೆಯೆಲೆಯನ್ನು ಸೀಳಿ, ಕೆತ್ತನೆಯ ಹಲಗೆಯ ಮೇಲಿಟ್ಟು ಕೆರೆದು, ಬಿಸಿಲಲ್ಲಿ ಬಿಳುಪಿಸಿ ಕಟ್ಟಿದ ಕಟ್ಟು ಅದು. 'ಡೋಬಾ' ಎಂದು ಹೆಸರು. ಜೊತೆಗೆ ಎಲೆಯ ನಾರಿನಿಂದ ಮಾಡಿದ, ಬಣ್ಣ ಹಾಕಿದ ಲಂಗಗಳು. ಟ್ರೋಬ್ರಿಯಾಂಡಿನದು ತಾಯಿಕಟ್ಟಿನ ಸಮಾಜ. ಮಕ್ಕಳು ತಾಯಿಯ ವಂಶಕ್ಕೆ ಸೇರುತ್ತಾರೆ. ಸತ್ತವನ ತಾಯಿವಂಶದ ಹೆಂಗಸರು, ಅವನು ಬದುಕಿದ್ದಾಗ ಅವನನ್ನು ಸಾಕಿ ಸಲಹಿದ, ಸತ್ತಾಗ ಅತ್ತ, ಬೇರೆ ವಂಶದವರಿಗೆಲ್ಲ ಈ ಕಟ್ಟುಗಳನ್ನು ಹಂಚಿ ಋಣ ತೀರಿಸುತ್ತಾರೆ. ಹಂಚುವ ಕಟ್ಟುಗಳು ಸಾವಿರಗಟ್ಟಲೆ. ಇಷ್ಟನ್ನು ಹೆಂಡತಿಗೆ ಒದಗಿಸಿಕೊಡಲು ಗಂಡ ತನ್ನ ಗಳಿಕೆಯನ್ನು ಕರಗಿಸಬೇಕು. ಏಕೆಂದರೆ ವರ್ಷ ವರ್ಷವೂ ಹೆಂಡತಿಯ ಅಣ್ಣತಮ್ಮಂದಿರು ಬೆಳೆದುಕೊಟ್ಟ ಗೆಣಸು ಅವನ ಕಣಜವನ್ನು ತುಂಬಿದೆ.

ವೈನರ್ ೧೯೭೬ರಲ್ಲಿ ಪ್ರಕಟಿಸಿದ 'ವಿಮೆನ್ ಆಫ್ ವ್ಯಾಲ್ಯೂ, ಮೆನ್ ಆಫ್ ರಿನೌನ್' ಎಂಬ ಪುಸ್ತಕ ಈ ಬಾಳೆಯೆಲೆಯಿಂದ ಟ್ರೋಬ್ರಿಯಾಂಡಿನ ಬದುಕನ್ನೇ ಮತ್ತೆ ಓದುತ್ತದೆ. ಗಂಡಸರು ಚಿಪ್ಪಿನಿಂದ ದೂರದ ದ್ವೀಪಗಳಲ್ಲಿ ತಮ್ಮ ಹೆಸರನ್ನು ಹರಡುತ್ತಾರೆ; ಆ ಹೆಸರು ಮನುಷ್ಯನ ಆಯುಷ್ಯಕ್ಕೆ ಸೇರಿದ್ದು. ಹೆಂಗಸರು ಎಲೆಯ ಕಟ್ಟಿನಿಂದ ವಂಶದ ಹೆಸರನ್ನು ಸಾವಿನಿಂದ ಬಿಡಿಸಿಕೊಳ್ಳುತ್ತಾರೆ. ಅದು ಆಯುಷ್ಯವನ್ನು ಮೀರಿದ್ದು. ಒಂದು ಕಡೆ ತಲೆಮಾರುಗಳ ಕಾಲ ಬಾಳುವ ಚಿಪ್ಪು, ಇನ್ನೊಂದು ಕಡೆ ಕೆಲವು ಮಳೆಗಾಲಕ್ಕೆ ಪುಡಿಯಾಗುವ ಎಲೆ. ಬಾಳುವ ವಸ್ತುವನ್ನು ಮಲಿನೋವ್ಸ್ಕಿ ಸಂಪತ್ತೆಂದು ಬಗೆದ. ಪುಡಿಯಾಗುವ ವಸ್ತು ಅವನಿಗೆ ಸಂಪತ್ತಾಗಿ ಕಾಣಲಿಲ್ಲ. ಚಿಪ್ಪಿನ ಬೆಲೆ ಚಿಪ್ಪಿನಲ್ಲಿಲ್ಲ ಎಂದು ಐನೂರು ಪುಟಗಳಲ್ಲಿ ವಾದಿಸಿದವನೇ ಎಲೆಯ ಬೆಲೆಯನ್ನು ಎಲೆಯಲ್ಲಿ ಹುಡುಕಿ ನಿರಾಶನಾದದ್ದು ಈ ಗ್ರಂಥದ ದೊಡ್ಡ ವ್ಯಂಗ್ಯ.

ಬೇರೆ ತಿದ್ದುಪಡಿಗಳೂ ಬಂದಿವೆ. ಜೆರಿ ಲೀಚ್ ಮತ್ತು ಎಡ್ಮಂಡ್ ಲೀಚ್ ೧೯೮೩ರಲ್ಲಿ ಸಂಪಾದಿಸಿದ ಕೂಲಾ ಲೇಖನಗಳ ಸಂಪುಟದಲ್ಲಿ 'ಕಿಟೂಮ್' ಎಂಬುದರ ವಿವರ ಬರುತ್ತದೆ. ಮಾಡಿದವನಿಗೋ ಗಳಿಸಿದವನಿಗೋ ಸ್ವಂತವಾಗಿರುವ ಚಿಪ್ಪು ಅದು. ಅವನು ಅದನ್ನು ಕೂಲಾದ ದಾರಿಗೆ ಬಿಡಬಹುದು, ದೋಣಿ ಕೊಳ್ಳಬಹುದು, ಬೇರೆ ಋಣ ತೀರಿಸಬಹುದು. ಎಲ್ಲ ಒಡವೆಗಳೂ ಎಂದೆಂದಿಗೂ ಸುತ್ತುತ್ತಲೇ ಇರುತ್ತವೆಂಬ ಮಲಿನೋವ್ಸ್ಕಿಯ ಚಿತ್ರ ಇದರಿಂದ ಸಡಿಲವಾಯಿತು. ಒಂದು ಒಡವೆ ಸಾಗುವ ಜೊತೆಗಾರರ ಸಾಲಿಗೆ ಅವರು 'ಕೆಡ' ಎನ್ನುತ್ತಾರೆ. ದಾರಿ ಎಂದು ಅರ್ಥ. ದಾರಿ ತಪ್ಪಬಹುದು, ಮುರಿಯಬಹುದು, ಒಬ್ಬನ ದಾರಿಯಿಂದ ಇನ್ನೊಬ್ಬನು ಒಡವೆಯನ್ನು ಸೆಳೆದುಕೊಳ್ಳಬಹುದು. ಗಡಿಯಾರದಂತೆ ತಿರುಗುವ ಯಂತ್ರವೆಂದು ತೋರಿದ್ದು ವಾಸ್ತವದಲ್ಲಿ ಜಾಣ್ಮೆಯೂ ಮೋಸವೂ ಭಯವೂ ತುಂಬಿದ ಮನುಷ್ಯವ್ಯವಹಾರ.

ನ್ಯಾನ್ಸಿ ಮನ್ ೧೯೮೬ರಲ್ಲಿ ಬರೆದ 'ದಿ ಫೇಮ್ ಆಫ್ ಗಾವಾ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಗಾವಾದವರ ನುಡಿಯಲ್ಲಿ ಸದ್ದಿಗೂ ಕೀರ್ತಿಗೂ ಒಂದೇ ಮೂಲದ ಮಾತು. ಬಳೆಗೆ ಕಟ್ಟಿದ ಮಣಿ, ಬೀಜ, ಕಿರುಚಿಪ್ಪುಗಳು ಗಲಗಲಿಸಿದರೆ, ನೋಡದವನಿಗೂ ಅದು ಬಂತೆಂದು ತಿಳಿಯುತ್ತದೆ. ಅದರಂತೆಯೇ ಒಡೆಯನ ಹೆಸರು ಅವನ ಮೈ ಹೋಗಲಾರದ ಕಡೆಗೆ ಹೋಗುತ್ತದೆ. ಕನ್ನಡ ಓದುಗನಿಗೆ ಇದು ದೂರದ ಮಾತಲ್ಲ. ಸಂಸ್ಕೃತದ 'ಶ್ರವಸ್' ಎಂದರೆ ಕೇಳಿಬರುವುದು, ಅದೇ ಕೀರ್ತಿ. ನಮ್ಮ 'ಹೆಸರು' ಎಂಬ ಒಂದೇ ಪದ ನಾಮಕ್ಕೂ ಸಲ್ಲುತ್ತದೆ, ಕೀರ್ತಿಗೂ ಸಲ್ಲುತ್ತದೆ. ಚಿಪ್ಪಿಗೆ ಹೆಸರಿಟ್ಟು ಅದರಿಂದ ಹೆಸರು ಪಡೆಯುವವರ ಮನಸ್ಸನ್ನು ಇಂಗ್ಲಿಷಿನಲ್ಲಿ ವಿವರಿಸಲು ಒಂದು ಅಧ್ಯಾಯ ಬೇಕು. ಕನ್ನಡಕ್ಕೆ ಈ ಒಂದು ಶಬ್ದ ಸಾಕು.

* * *

ಗ್ರಂಥಕರ್ತನ ವಿಷಯವಾಗಿ ಒಂದು ಅಪ್ರಿಯವಾದ ಸಂಗತಿಯನ್ನು ಹೇಳದೆ ಮುಗಿಸುವಂತಿಲ್ಲ. ಮಲಿನೋವ್ಸ್ಕಿ ೧೯೪೨ರಲ್ಲಿ ತೀರಿಕೊಂಡ. ಅವನು ಆ ದ್ವೀಪಗಳಲ್ಲಿದ್ದಾಗ ಪೋಲಿಷ್ ಭಾಷೆಯಲ್ಲಿ ಬರೆದಿಟ್ಟುಕೊಂಡಿದ್ದ ದಿನಚರಿಯನ್ನು ಅವನ ಹೆಂಡತಿ ೧೯೬೭ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಲು ಬಿಟ್ಟಳು. ಅದರಲ್ಲಿ ಕಂಡ ಮನುಷ್ಯ ಬೇರೆ. ಮನೆಯ ನೆನಪಿನಿಂದ ನರಳುವವನು. ಕೆಲಸ ಬಿಟ್ಟು ಕಾದಂಬರಿಗಳಲ್ಲಿ ಮುಳುಗಿ ತನ್ನನ್ನೇ ಬೈದುಕೊಳ್ಳುವವನು. ಯಾರ ಅಂಗಳದಲ್ಲಿ ಡೇರೆ ಹಾಕಿದ್ದನೋ ಅವರನ್ನೇ ಹೀನವಾದ ಮಾತುಗಳಿಂದ ಹಳಿಯುವವನು. ದ್ವೀಪವಾಸಿಯ ದೃಷ್ಟಿಯಿಂದಲೇ ಅವನ ಲೋಕವನ್ನು ಕಾಣಬೇಕು ಎಂದು ಶಾಸ್ತ್ರಕ್ಕೆ ಸೂತ್ರ ಹಾಕಿಕೊಟ್ಟವನು ಇವನೇ ಏನು ಎಂದು ಓದುಗರು ಬೆಚ್ಚಿದರು.

ಇದರಿಂದ ಮಹಾಗ್ರಂಥ ಸುಳ್ಳಾಯಿತೆ? ಸುಳ್ಳಾಗಲಿಲ್ಲವೆಂದು ನನ್ನ ಮತ. ಬೇಸರದಲ್ಲೂ ಅಸಹನೆಯಲ್ಲೂ ಕುಳಿತು ಮಂತ್ರದ ಒಂದೊಂದು ಪದವನ್ನೂ ಬರೆದುಕೊಂಡದ್ದು ಸುಳ್ಳಲ್ಲ. ಆದರೆ ದಿನಚರಿಯನ್ನು ಓದಿದ ಮೇಲೆ ಗ್ರಂಥದ ಮೌನಗಳು ಹೆಚ್ಚು ಕೇಳಿಸುತ್ತವೆ. ಲೇಖಕನ ಸಹಾನುಭೂತಿಗೆ ಒಂದು ಗಡಿ ಇತ್ತು; ಅದು ಕಡಲನ್ನು ದಾಟಬಲ್ಲದಾಗಿತ್ತು, ಅಂಗಳವನ್ನು ದಾಟಲಾರದಾಗಿತ್ತು. ದೋಷವನ್ನು ಬಚ್ಚಿಟ್ಟು ಗ್ರಂಥವನ್ನು ಪೂಜಿಸುವುದೂ, ದೋಷವನ್ನು ಹಿಡಿದು ಗ್ರಂಥವನ್ನು ಬಿಸಾಡುವುದೂ ಸುಲಭವಾದ ಕೆಲಸಗಳು. ಎರಡೂ ಓದುವ ಶ್ರಮವನ್ನು ತಪ್ಪಿಸುತ್ತವೆ.

ಕೂಲಾ ಇಂದಿಗೂ ನಿಂತಿಲ್ಲ. ಹಾಯಿದೋಣಿಗಳ ಜೊತೆಗೆ 'ಮೋಟಾರು ದೋಣಿ'ಗಳೂ ಸೇರಿವೆ. ೧೯೭೫ರಲ್ಲಿ ಪಾಪುವಾ ನ್ಯೂ ಗಿನಿ ಸ್ವತಂತ್ರವಾಗುವ ಕೆಲವು ತಿಂಗಳ ಮುಂಚೆ ತನ್ನದೇ ಹಣವನ್ನು ಚಲಾವಣೆಗೆ ತಂದಿತು. ದೊಡ್ಡ ನಾಣ್ಯಕ್ಕೆ 'ಕಿನ' ಎಂದು ಹೆಸರು; ಅದು ಗುಡ್ಡಗಾಡಿನವರು ಎದೆಯ ಮೇಲೆ ಧರಿಸುತ್ತಿದ್ದ ಮುತ್ತಿನಚಿಪ್ಪು. ಅದರ ನೂರನೆಯ ಒಂದು ಭಾಗಕ್ಕೆ 'ತೊಯ'. ಅದು ಮೋಟು ಜನರ ಚಿಪ್ಪಿನ ತೋಳ್ಬಳೆ. ನಮ್ಮಲ್ಲಿ ನಾಣ್ಯ ಬಂದು ಕವಡೆಯನ್ನು ಗಾದೆಗೆ ತಳ್ಳಿತು. ಅಲ್ಲಿ ನಾಣ್ಯವೇ ಚಿಪ್ಪಿನ ಹೆಸರನ್ನು ತಳೆಯಿತು. ಆದರೆ ಆ ಹೆಸರಿನ ನಾಣ್ಯದಿಂದ ಜೊತೆಗಾರನನ್ನು ಕೊಳ್ಳಲಾಗದು.

ಮಲಿನೋವ್ಸ್ಕಿ ತಂದ ವಸ್ತುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ಮೆಲ್ಬರ್ನಿನ ವಸ್ತುಸಂಗ್ರಹಾಲಯದಲ್ಲೂ ಇವೆ. ಅಲ್ಲಿ ಅವು ಭದ್ರವಾಗಿವೆ, ಶುಚಿಯಾಗಿವೆ, ಕ್ರಮಸಂಖ್ಯೆಯನ್ನು ಹೊತ್ತಿವೆ. ಕೂಲಾದವನ ದೃಷ್ಟಿಯಲ್ಲಿ ಅಂಥ ಒಡವೆಗೆ ದಾರಿ ತಪ್ಪಿದೆ. ಅದನ್ನು ಕೊಟ್ಟವನಿಲ್ಲ, ಪಡೆಯಲು ಬರುವವನಿಲ್ಲ, ಅದರ ಹೆಸರನ್ನು ಕರೆಯುವವನಿಲ್ಲ. ಪುಸ್ತಕಕ್ಕೂ ಇದೇ ಗತಿ ಬರಬಹುದಿತ್ತು. ಹಾಗಾಗಲಿಲ್ಲ. ೧೯೨೫ರಲ್ಲಿ ಫ್ರಾನ್ಸಿನ ಮಾರ್ಸೆಲ್ ಮೋಸ್ ಇದನ್ನು ಕೈಗೆತ್ತಿಕೊಂಡು ಕೊಡುವುದು, ಪಡೆಯುವುದು, ಮರಳಿಸುವುದು ಎಂಬ ಮೂರು ಕರ್ತವ್ಯಗಳ ವಿಚಾರವನ್ನು ಬೆಳೆಸಿದ. ವೈನರ್ ಇದಕ್ಕೆ ಬಾಳೆಯೆಲೆಯನ್ನು ಸೇರಿಸಿದಳು. ಮನ್ ಅದರ ಸದ್ದನ್ನು ಕೇಳಿಸಿದಳು. ಒಬ್ಬೊಬ್ಬರೂ ಪಡೆದದ್ದಕ್ಕಿಂತ ಹೆಚ್ಚಿನದನ್ನು ಮುಂದಿನವರಿಗೆ ದಾಟಿಸಿದರು. ನಮ್ಮ ಕೈಗೆ ಬಂದಾಗ ನಾವು ಅದನ್ನು ಮೆಚ್ಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದು ಆ ದ್ವೀಪದವರು ಆಡಿಕೊಳ್ಳುವ ಜಿಪುಣತನವೇ ಆದೀತು. ಅದರ ಕೊರತೆಯನ್ನು ಹೇಳಿ, ಗುಣವನ್ನು ಹೇಳಿ, ಇನ್ನೊಬ್ಬ ಓದುಗನ ಕೈಗೆ ಕೊಡುವುದೇ ಅದಕ್ಕೆ ಸಲ್ಲುವ ಮರ್ಯಾದೆ.